ಕಾಲೇಜಿನ ತಂಡ ಗೆದ್ದರೆ ಯೂನಿವರ್ಸಿಟಿಯ ಬೆಲೆ ಏರುತ್ತದಾ?

ಪ್ರಶ್ನೆ: ನಾವು ಬಹಳ ವರ್ಷದಿಂದ ಅಮೆರಿಕದಲ್ಲಿದ್ದೇವೆ. ಮಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾನೆ, ಕಂಪ್ಯೂಟರ್ ಸೈನ್ಸ್ ಓದಬೇಕು ಅನ್ನುತ್ತಾನೆ. ಎರಡು ಕಡೆ ಸೀಟು ಸಿಕ್ಕಿದೆ. ಒಂದು ದೊಡ್ಡ ಸ್ಟೇಟ್ ಯೂನಿವರ್ಸಿಟಿ. ಶನಿವಾರ ಬಂತೆಂದರೆ ಅದರ ಫುಟ್‌ಬಾಲ್ ತಂಡ ಟಿವಿಯಲ್ಲಿರುತ್ತದೆ. ಇನ್ನೊಂದು ಚಿಕ್ಕದು. ಆಟದಲ್ಲಿ ಅದರ ಹೆಸರು ಯಾರೂ ಕೇಳಿಲ್ಲ. ‘ಎಲ್ಲರಿಗೂ ಗೊತ್ತಿರುವ ಯೂನಿವರ್ಸಿಟಿಗೆ ಮುಂದೆ ಕೆಲಸ ಹುಡುಕುವಾಗಲೂ ಬೆಲೆ ಜಾಸ್ತಿ’ ಎಂದು ನಮ್ಮ ಯಜಮಾನರ ವಾದ. ನನಗೆ ಅನುಮಾನ. ಆಟಕ್ಕೂ ಯೂನಿವರ್ಸಿಟಿಯ ಹೆಸರಿಗೂ ನಿಜವಾಗಿ ಸಂಬಂಧ ಇದೆಯಾ? ಇನ್ನೊಂದು ವಿಷಯ. ಮಗಳು ಹತ್ತನೇ ತರಗತಿ, ಚೆನ್ನಾಗಿ ಈಜುತ್ತಾಳೆ. ಅದರಿಂದ ಅವಳ ಅಡ್ಮಿಷನ್‌ಗೆ ಏನಾದರೂ ಅನುಕೂಲ ಆಗುತ್ತದಾ?

ಉತ್ತರ: ಸಂಬಂಧ ಇದೆ. ಆದರೆ ನಿಮ್ಮ ಯಜಮಾನರು ಅಂದುಕೊಂಡಿರುವ ಕಡೆ ಅದು ಕೆಲಸ ಮಾಡುವುದಿಲ್ಲ. ಆಟ ಒಂದು ಯೂನಿವರ್ಸಿಟಿಯನ್ನು ಜನರಿಗೆ ಪರಿಚಯ ಮಾಡಿಸುತ್ತದೆ. ಅರ್ಜಿ ಹಾಕುವ ಮಕ್ಕಳ ಸಂಖ್ಯೆ ಏರುತ್ತದೆ. ಹಳೆಯ ವಿದ್ಯಾರ್ಥಿಗಳು ಒಟ್ಟಿಗೆ ಉಳಿಯುತ್ತಾರೆ. ಇಷ್ಟು ಖಂಡಿತ. ಆದರೆ ಒಬ್ಬ ಪ್ರೊಫೆಸರ್ ಇನ್ನೊಂದು ಯೂನಿವರ್ಸಿಟಿಯ ವಿಭಾಗವನ್ನು ತೂಗಿ ನೋಡುವಾಗ, ಅಥವಾ ಕಂಪನಿಯ ಇಂಜಿನಿಯರ್ ಒಬ್ಬರು ನಿಮ್ಮ ಮಗನನ್ನು ಸಂದರ್ಶನ ಮಾಡುವಾಗ, ಆ ಶನಿವಾರದ ಸ್ಕೋರ್ ಲೆಕ್ಕಕ್ಕೆ ಬರುವುದಿಲ್ಲ.

ಇದಕ್ಕೆ ನಾನು ಸದಾ ಕೊಡುವ ಉದಾಹರಣೆ ಯೂನಿವರ್ಸಿಟಿ ಆಫ್ ಶಿಕಾಗೋ. ಇವತ್ತು ಶಿಕಾಗೋ ಅಂದರೆ ಅರ್ಥಶಾಸ್ತ್ರ, ಭೌತಶಾಸ್ತ್ರ, ಸಾಲು ಸಾಲು ನೊಬೆಲ್‌ಗಳು. ಆದರೆ ಒಂದು ಕಾಲಕ್ಕೆ ಅದು ಫುಟ್‌ಬಾಲ್‌ನ ದೊಡ್ಡ ಮನೆಯಾಗಿತ್ತು. (ನಾನು ಫುಟ್‌ಬಾಲ್ ಅನ್ನುವಾಗಲೆಲ್ಲ ಅಮೆರಿಕನ್ ಫುಟ್‌ಬಾಲ್ ಅಂತಲೇ ತಿಳಿಯಿರಿ.) ಯೂನಿವರ್ಸಿಟಿಗಳು ತಮ್ಮತಮ್ಮಲ್ಲಿ ಪಂದ್ಯ ಆಡಲು ಮಾಡಿಕೊಂಡ ಬಿಗ್ ಟೆನ್ ಎಂಬ ಕೂಟವನ್ನು 1896ರಲ್ಲಿ ಕಟ್ಟಿದವರಲ್ಲಿ ಶಿಕಾಗೋ ಕೂಡ ಒಂದು. ಏಮಸ್ ಅಲೊಂಜೊ ಸ್ಟ್ಯಾಗ್ ಎಂಬ ಕೋಚ್ ಅಲ್ಲಿ ನಾಲ್ಕು ದಶಕ ಇದ್ದರು. ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿಯನ್ನು 1935ರಲ್ಲಿ ಮೊಟ್ಟಮೊದಲು ಪಡೆದವನು ಶಿಕಾಗೋದ ಹುಡುಗ ಜೇ ಬರ್ವಾಂಗರ್. ಆಮೇಲೆ ತಂಡ ಕುಸಿಯಿತು. 1939ರಲ್ಲಿ ಮಿಶಿಗನ್ ಎದುರು 85-0 ಅಂತರದಲ್ಲಿ ಸೋತಿತು. ಅದೇ ವರ್ಷದ ಕೊನೆಗೆ ಯೂನಿವರ್ಸಿಟಿಯ ಅಧ್ಯಕ್ಷ ರಾಬರ್ಟ್ ಮೇನಾರ್ಡ್ ಹಚಿನ್ಸ್ ಫುಟ್‌ಬಾಲನ್ನೇ ನಿಲ್ಲಿಸಿಬಿಟ್ಟರು. 1946ರಲ್ಲಿ ಶಿಕಾಗೋ ಬಿಗ್ ಟೆನ್ ಕೂಟದಿಂದಲೂ ಹೊರಬಂತು.

ಖಾಲಿಯಾದ ಆ ಸ್ಟೇಡಿಯಂ ಏನಾಯಿತು ಗೊತ್ತಾ? 1942ರ ಡಿಸೆಂಬರ್ 2ರಂದು ಅದರ ಗ್ಯಾಲರಿಯ ಕೆಳಗೆ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ನಡೆಸಿದರು. ಫುಟ್‌ಬಾಲ್ ಬಿಟ್ಟದ್ದಕ್ಕೇ ವಿಜ್ಞಾನ ಬೆಳೆಯಿತು ಎಂದು ನಾನು ಹೇಳುತ್ತಿಲ್ಲ. ಎರಡಕ್ಕೂ ಕಾರಣಗಳು ಬೇರೆ ಬೇರೆ. ಆದರೆ ದೇಶದ ದೊಡ್ಡ ತಂಡಗಳಲ್ಲಿ ಒಂದನ್ನು ಮುಚ್ಚಿದ ಮೇಲೂ ವಿದ್ವಾಂಸರ ನಡುವೆ ಆ ಯೂನಿವರ್ಸಿಟಿಯ ತೂಕ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಫುಟ್‌ಬಾಲ್ 1969ರಲ್ಲಿ ಸಣ್ಣ ಮಟ್ಟದಲ್ಲಿ ಮತ್ತೆ ಶುರುವಾಯಿತು. ಈಗಲೂ ಹಾಗೇ ನಡೆಯುತ್ತಿದೆ, ಸ್ಕಾಲರ್‌ಶಿಪ್ ಇಲ್ಲದ ಡಿವಿಷನ್ 3 ಮಟ್ಟದಲ್ಲಿ.

ಎದುರು ಬದಿಯ ಎರಡು ಉದಾಹರಣೆ ಒಟ್ಟಿಗೆ ನೋಡಿ. ಎಲ್ಲ ಕ್ರೀಡೆಗಳ ಸಾಧನೆ ಸೇರಿಸಿ ಕೊಡುವ ಡೈರೆಕ್ಟರ್ಸ್ ಕಪ್ ಎಂಬ ಪ್ರಶಸ್ತಿಯನ್ನು ಸ್ಟ್ಯಾನ್‌ಫರ್ಡ್ ಸತತ 25 ವರ್ಷ ಗೆದ್ದಿತು. ಅದೇ ಕ್ಯಾಲಿಫೋರ್ನಿಯಾದಲ್ಲಿರುವ ಕ್ಯಾಲ್‌ಟೆಕ್‌ನ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ತನ್ನ ಕೂಟದ ಪಂದ್ಯಗಳಲ್ಲಿ ಸತತ 310 ಸಲ ಸೋತಿತು. 1985ರಿಂದ 2011ರವರೆಗೆ! ಕೊನೆಗೆ ಒಂದೇ ಒಂದು ಪಾಯಿಂಟ್ ಅಂತರದಲ್ಲಿ ಗೆದ್ದಾಗ ಕ್ಯಾಂಪಸ್ಸೇ ಕುಣಿಯಿತು. ಆ ಹುಡುಗರ ಛಲಕ್ಕೆ ನನಗೆ ತುಂಬಾ ಗೌರವ ಇದೆ. ಈಗ ಹೇಳಿ, ವಿಜ್ಞಾನ ಓದುವ ಮಗುವಿಗೆ ಇವೆರಡರಲ್ಲಿ ಯಾವುದು ಕಡಿಮೆ? ಎರಡೂ ಅಲ್ಲ, ಅಲ್ವಾ? ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್ ಎಂಬ ಯೂನಿವರ್ಸಿಟಿಯಲ್ಲಂತೂ ಪದವಿ ತರಗತಿಗಳೇ ಇಲ್ಲ, ಕಾಲೇಜು ತಂಡವೂ ಇಲ್ಲ. ವೈದ್ಯಕೀಯದಲ್ಲಿ ಅದು ದೇಶದ ಮುಂಚೂಣಿಯಲ್ಲಿದೆ.

ಹಾಗಾದರೆ ಆಟದಿಂದ ಏನೂ ಲಾಭವಿಲ್ಲವೇ ಎಂದರೆ, ಇದೆ. ಅದನ್ನು ಅಳೆದವರೂ ಇದ್ದಾರೆ.

1984ರ ನವೆಂಬರ್‌ನಲ್ಲಿ ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಮಯಾಮಿ ವಿರುದ್ಧದ ಪಂದ್ಯದ ಕೊನೆಯ ಕ್ಷಣದಲ್ಲಿ ಬಹಳ ದೂರಕ್ಕೆ ಚೆಂಡೆಸೆದು ತಂಡವನ್ನು ಗೆಲ್ಲಿಸಿದರು. ಇಡೀ ದೇಶ ಟಿವಿಯಲ್ಲಿ ನೋಡಿತು. ಅದರ ಆಸುಪಾಸಿನ ಎರಡು ವರ್ಷಗಳಲ್ಲಿ ಆ ಕಾಲೇಜಿಗೆ ಬಂದ ಅರ್ಜಿಗಳು ಸುಮಾರು ಶೇ. 30ರಷ್ಟು ಏರಿದವು. ಅಂದಿನಿಂದ ಇದಕ್ಕೆ ‘ಫ್ಲೂಟಿ ಎಫೆಕ್ಟ್’ ಅಂತಲೇ ಹೆಸರು ಬಿದ್ದಿದೆ. ಆದರೆ ಆ ಕಾಲೇಜು ಅದಕ್ಕೂ ಹಲವು ವರ್ಷ ಮೊದಲೇ ಹಾಸ್ಟೆಲ್ ಕಟ್ಟಿಸಿತ್ತು, ಆರ್ಥಿಕ ನೆರವನ್ನು ಯೋಚಿಸಿ ಹಂಚುತ್ತಿತ್ತು, ದೂರದ ರಾಜ್ಯಗಳ ಮಕ್ಕಳನ್ನು ಸೆಳೆಯಲು ಹಳೆಯ ವಿದ್ಯಾರ್ಥಿಗಳ ಜಾಲ ಬೆಳೆಸಿತ್ತು. ಅರ್ಜಿಗಳು ಆಗಲೇ ಏರುತ್ತಿದ್ದವು. ಒಂದು ಎಸೆತದ ಕಥೆ ನೆನಪಿಟ್ಟುಕೊಳ್ಳುವುದು ಸುಲಭ. ಹತ್ತು ವರ್ಷದ ಕೆಲಸದ ಕಥೆಯನ್ನು ಯಾರೂ ಹೇಳುವುದಿಲ್ಲ.

ಮುಂದೆ ಅರ್ಥಶಾಸ್ತ್ರಜ್ಞರು ಇದನ್ನು ಶ್ರದ್ಧೆಯಿಂದ ಲೆಕ್ಕ ಹಾಕಿದರು. ಡೆವಿನ್ ಪೋಪ್ ಮತ್ತು ಜ್ಯಾರೆನ್ ಪೋಪ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫುಟ್‌ಬಾಲ್‌ನಲ್ಲಿ ಮೊದಲ 20ರೊಳಗೆ ಅಥವಾ ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಸೋಲದೆ ಉಳಿದ 16 ತಂಡಗಳೊಳಗೆ ಬಂದ ಕಾಲೇಜಿಗೆ ಅರ್ಜಿಗಳು ಶೇ. 2ರಿಂದ 8ರಷ್ಟು ಹೆಚ್ಚುತ್ತವೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಡಗ್ ಚಂಗ್ 2013ರಲ್ಲಿ ಇನ್ನೂ ದೊಡ್ಡ ಅಂಕಿ ಕೊಟ್ಟರು. ಸಾಧಾರಣ ಫುಟ್‌ಬಾಲ್ ತಂಡ ಶ್ರೇಷ್ಠ ತಂಡವಾಗಿ ಬದಲಾದರೆ ಅರ್ಜಿಗಳು ಸುಮಾರು ಶೇ. 18ರಷ್ಟು ಏರುತ್ತವೆ. ಅಷ್ಟೇ ಏರಿಕೆ ಬೇರೆ ದಾರಿಯಲ್ಲಿ ಬೇಕೆಂದರೆ ಟ್ಯೂಷನ್ ಫೀಸನ್ನು ಶೇ. 3.8 ಇಳಿಸಬೇಕು. ಇಲ್ಲವೇ ಶೇ. 5.1ರಷ್ಟು ಹೆಚ್ಚು ಸಂಬಳ ಪಡೆಯುವ ಮಟ್ಟದ ಪ್ರೊಫೆಸರುಗಳನ್ನು ತರಬೇಕು.

ಈ ಹೋಲಿಕೆಯನ್ನು ಸ್ವಲ್ಪ ನಿಧಾನವಾಗಿ ಓದಿ. ಫುಟ್‌ಬಾಲ್ ತಂಡವನ್ನು ಶ್ರೇಷ್ಠ ಮಾಡುವುದು ಎಷ್ಟು ಕಷ್ಟ, ಎಷ್ಟು ಖರ್ಚು! ಎಲ್ಲರೂ ಹಣ ಸುರಿಯುತ್ತಾರೆ, ಆದರೆ ಪ್ರತಿ ಪಂದ್ಯದಲ್ಲಿ ಒಬ್ಬರು ಸೋಲಲೇಬೇಕು. ಒಳ್ಳೆಯ ಪ್ರೊಫೆಸರನ್ನು ತಂದರೆ ಅವರು ಅಲ್ಲೇ ಇರುತ್ತಾರೆ, ಪಾಠ ಮಾಡುತ್ತಾರೆ. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿಯೂ ನಿಮಗೆ ಬೇಕಾದದ್ದು. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ಅಂಕ ಕಡಿಮೆ ಇರುವ ಮಕ್ಕಳನ್ನು ಆಟದ ಯಶಸ್ಸು ಹೆಚ್ಚು ಸೆಳೆಯುತ್ತದೆ. ಅಂಕ ಹೆಚ್ಚಿರುವವರು ಓದಿನ ಗುಣಮಟ್ಟಕ್ಕೆ ಜಾಸ್ತಿ ಬೆಲೆ ಕೊಡುತ್ತಾರೆ. ಆದರೆ ಅವರೂ ಆಟದ ಸೆಳೆತದಿಂದ ಪೂರ್ತಿ ಹೊರಗಿಲ್ಲ.

ಅರ್ಜಿ ಜಾಸ್ತಿ ಬಂದರೆ ಆಯ್ಕೆಗೆ ಅವಕಾಶ ಜಾಸ್ತಿ. ಆ ಅವಕಾಶವನ್ನು ಯೂನಿವರ್ಸಿಟಿ ಹೇಗೆ ಬಳಸಿಕೊಳ್ಳುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ನನ್ನ ಮಟ್ಟಿಗೆ ಈ ಚರ್ಚೆಯ ಮುಖ್ಯ ಭಾಗ ಇದೇ.

ನೋತ್ರ್ ದಾಮ್ ನೋಡಿ. 1920ರ ದಶಕದಲ್ಲಿ ಕೋಚ್ ಕ್ನೂಟ್ ರಾಕ್ನಿ ಕಾಲದಲ್ಲಿ ಇಂಡಿಯಾನಾದ ಒಂದು ಕ್ಯಾಥೊಲಿಕ್ ಕಾಲೇಜಿನ ಹೆಸರು ದೇಶದ ಮೂಲೆಮೂಲೆಗೂ ತಲುಪಿತು. ಆದರೆ ಅದು ದೊಡ್ಡ ವಿದ್ಯಾಸಂಸ್ಥೆಯಾದದ್ದು ಆಮೇಲೆ, ಪಾದ್ರಿ ಥಿಯೊಡೋರ್ ಹೆಸ್‌ಬರ್ಗ್ ಅಧ್ಯಕ್ಷರಾಗಿದ್ದ ಕಾಲದಲ್ಲಿ. 1952ರಿಂದ 1987ರವರೆಗೆ ಅವರು ಅಲ್ಲಿದ್ದರು. ಯೂನಿವರ್ಸಿಟಿಯ ಮೂಲನಿಧಿ 90 ಲಕ್ಷ ಡಾಲರ್‌ನಿಂದ 35 ಕೋಟಿ ಡಾಲರ್‌ಗೆ ಏರಿತು. ಸಂಶೋಧನೆಗೆ ಬರುವ ಹಣ ಇಪ್ಪತ್ತು ಪಟ್ಟಾಯಿತು. ಹೆಣ್ಣುಮಕ್ಕಳಿಗೆ ಪದವಿ ತರಗತಿಯ ಬಾಗಿಲು ತೆರೆಯಿತು. ಫುಟ್‌ಬಾಲ್ ಕೊಟ್ಟ ಪರಿಚಯವನ್ನು ಹೆಸ್‌ಬರ್ಗ್ ಪ್ರೊಫೆಸರುಗಳಾಗಿ, ಲೈಬ್ರರಿಯಾಗಿ, ಲ್ಯಾಬುಗಳಾಗಿ ಪರಿವರ್ತಿಸಿದರು.

ಮಿಶಿಗನ್ ಸ್ಟೇಟ್ ಕೂಡ ಹೀಗೇ. ಕೃಷಿ ಕಾಲೇಜು ಅಂತಲೇ ಗುರುತಿದ್ದ ಸಂಸ್ಥೆ ಅದು. ಅಧ್ಯಕ್ಷ ಜಾನ್ ಹ್ಯಾನಾ ಹಠ ಹಿಡಿದು ಬಿಗ್ ಟೆನ್ ಕೂಟದಲ್ಲಿ ಜಾಗ ಪಡೆದರು. ಶಿಕಾಗೋ ಬಿಟ್ಟುಹೋಗಿದ್ದ ಜಾಗ ಅದು! ಆಟದ ಕೂಟ ಎಂದರೆ ಸುಮ್ನೆ ಆಟವಲ್ಲ, ನಿಮ್ಮನ್ನು ಯಾರ ಸಾಲಿನಲ್ಲಿ ಕೂರಿಸಿ ನೋಡುತ್ತಾರೆ ಎಂಬುದನ್ನೂ ಅದು ತೀರ್ಮಾನಿಸುತ್ತದೆ. ಹ್ಯಾನಾ ಅದನ್ನು ಚೆನ್ನಾಗಿ ಅರಿತಿದ್ದರು. ಸಂಶೋಧನಾ ಯೂನಿವರ್ಸಿಟಿಗಳ ಪ್ರತಿಷ್ಠಿತ ಸಂಘವಾದ ಎಎಯುಗೆ 1964ರಲ್ಲಿ ಮಿಶಿಗನ್ ಸ್ಟೇಟ್ ಸೇರಿತು. ಅಷ್ಟರಲ್ಲಿ ಅವರು ಅದನ್ನು ನಿಜವಾಗಿಯೂ ಆ ಸಾಲಿಗೆ ತಕ್ಕ ಸಂಸ್ಥೆಯನ್ನಾಗಿ ಬೆಳೆಸಿದ್ದರು.

ಐವಿ ಲೀಗ್ ಎಂಬ ಹೆಸರು ಅಧಿಕೃತವಾಗಿ ಎಂಟು ಸಂಸ್ಥೆಗಳ ಕ್ರೀಡಾ ಕೂಟದ್ದೇ. 1954ರಲ್ಲಿ ಮಾಡಿಕೊಂಡ ಒಪ್ಪಂದ ಅದು. ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವುದಿಲ್ಲ ಎಂಬುದು ಅವರ ನಿಯಮ. ಓದಿನ ಪ್ರತಿಷ್ಠೆಗೆ ಇಡೀ ಜಗತ್ತು ಬಳಸುವ ಆ ಗುರುತು ಬಂದದ್ದು ಮೈದಾನದಿಂದ. ಆದರೆ ಆ ಪ್ರತಿಷ್ಠೆ ಮಾತ್ರ ಮೈದಾನದಿಂದ ಬಂದದ್ದಲ್ಲ.

ಹೊಸ ಕಾಲದ ಉದಾಹರಣೆ ಅಲಬಾಮ. 2007ರಲ್ಲಿ ನಿಕ್ ಸೇಬನ್ ಕೋಚ್ ಆಗಿ ಬಂದರು, ಅಲ್ಲಿ ಆರು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದರು. ಯೂನಿವರ್ಸಿಟಿ ಬಹಳ ದೊಡ್ಡದಾಯಿತು. ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರರಾಜ್ಯದವರಾದರು. ಫುಟ್‌ಬಾಲ್‌ನಿಂದಲೇ ಎಲ್ಲ ಆಯಿತು ಅನ್ನುವವರು ಒಂದು ಮುಖ್ಯ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಸೇಬನ್ ಬರುವ ಮೊದಲೇ ಯೂನಿವರ್ಸಿಟಿ ಬೆಳವಣಿಗೆಯ ಯೋಜನೆ ಹಾಕಿತ್ತು. ಹೆಚ್ಚು ಅಂಕದ ಹೊರರಾಜ್ಯದ ಮಕ್ಕಳಿಗೆ ದೊಡ್ಡ ಸ್ಕಾಲರ್‌ಶಿಪ್ ಕೊಟ್ಟಿತು. ಊರೂರಿಗೆ ಪ್ರತಿನಿಧಿಗಳನ್ನು ಕಳಿಸಿತು. ಫುಟ್‌ಬಾಲ್ ನೋಡಿ ಹೆಸರು ಗೊತ್ತಿದ್ದ ಮನೆಗಳಿಗೆ ಆ ಪ್ರತಿನಿಧಿಗಳು ಹೋದರು. ಎರಡೂ ಸೇರಿದ್ದರಿಂದ ಕೆಲಸ ಆಯಿತು.

ಈಗ ಇದರ ಇನ್ನೊಂದು ಮುಖ. ಆಟ ಹೆಸರನ್ನು ನಿಧಾನವಾಗಿ ಏರಿಸುತ್ತದೆ. ಕೆಡಿಸುವುದಾದರೆ ಒಂದೇ ವಾರ ಸಾಕು. ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 2011ರಲ್ಲಿ ಹೊರಬಿದ್ದ, ಫುಟ್‌ಬಾಲ್ ತಂಡದ ಮಾಜಿ ಸಹಾಯಕ ಕೋಚ್ ಮಕ್ಕಳ ಮೇಲೆ ನಡೆಸಿದ ದೌರ್ಜನ್ಯದ ಪ್ರಕರಣ ನಿಮಗೆ ನೆನಪಿರಬಹುದು. ಮುಖ್ಯ ಕೋಚ್ ಮತ್ತು ಯೂನಿವರ್ಸಿಟಿಯ ಅಧ್ಯಕ್ಷ ಇಬ್ಬರೂ ಹುದ್ದೆ ಕಳೆದುಕೊಂಡರು. ಕಾಲೇಜು ಕ್ರೀಡೆಯ ನಿಯಂತ್ರಣ ಸಂಸ್ಥೆ ಎನ್‌ಸಿಎಎ 6 ಕೋಟಿ ಡಾಲರ್ ದಂಡ ಹಾಕಿತು. ನನಗೆ ಇನ್ನೂ ಹೆಚ್ಚು ಕಾಡುವುದು ನಾರ್ತ್ ಕ್ಯಾರೊಲಿನಾ ಪ್ರಕರಣ, ಏಕೆಂದರೆ ಅದು ಪಾಠದ ಕೋಣೆಗೇ ಕೈ ಹಾಕಿತು. ಅಲ್ಲಿ 18 ವರ್ಷ ಕಾಲ ತರಗತಿಯೇ ನಡೆಯದ ಕೋರ್ಸುಗಳಿದ್ದವು. ಒಂದು ಪೇಪರ್ ಬರೆದು ಕೊಟ್ಟರೆ ಒಳ್ಳೆಯ ಗ್ರೇಡ್. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಅವನ್ನು ತೆಗೆದುಕೊಂಡಿದ್ದರು, ಅವರಲ್ಲಿ ಅರ್ಧದಷ್ಟು ಕ್ರೀಡಾಪಟುಗಳು. 2014ರ ತನಿಖಾ ವರದಿ ಇದನ್ನೆಲ್ಲ ಬಿಚ್ಚಿಟ್ಟಿತು. ಮರುವರ್ಷ ಮಾನ್ಯತೆ ನೀಡುವ ಸಂಸ್ಥೆ ಒಂದು ವರ್ಷ ಯೂನಿವರ್ಸಿಟಿಯನ್ನು ಎಚ್ಚರಿಕೆಯ ನಿಗಾದಲ್ಲಿಟ್ಟಿತು. ದೇಶದ ಅತ್ಯಂತ ಹಳೆಯ, ಗೌರವದ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಒಂದಕ್ಕೆ ಆದದ್ದು ಇದು. ಅಲ್ಲಿ ಪ್ರಾಮಾಣಿಕವಾಗಿ ಓದಿ ಪಾಸಾದ ಸಾವಿರಾರು ಮಕ್ಕಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಆಟದ್ದೇ ಇರಲಿ, ಬೇರೆಯದೇ ಇರಲಿ, ಕ್ಯಾಂಪಸ್ ಹಗರಣದ ಬಗ್ಗೆ ಪತ್ರಿಕೆಯಲ್ಲಿ ದೀರ್ಘ ಲೇಖನ ಬಂದರೆ ಮರುವರ್ಷದ ಅರ್ಜಿಗಳು ಸುಮಾರು ಶೇ. 10ರಷ್ಟು ಇಳಿಯುತ್ತವೆ ಎಂದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಇನ್ನೊಂದು ಅಧ್ಯಯನ ಹೇಳಿದೆ.

ಹಣದ ಮಾತು. ಆಟದಿಂದ ಯೂನಿವರ್ಸಿಟಿ ಶ್ರೀಮಂತವಾಗುತ್ತದೆ ಎಂಬ ನಂಬಿಕೆ ಬಹಳ ಜನರಿಗಿದೆ. ಆದರೆ 2019ರಲ್ಲಿ ದೇಶದ ಅತಿ ದೊಡ್ಡ ಐದು ಕೂಟಗಳಲ್ಲೇ ಸುಮಾರು 25 ಸಂಸ್ಥೆಗಳ ಕ್ರೀಡಾ ವಿಭಾಗಕ್ಕೆ ಮಾತ್ರ ಖರ್ಚಿಗಿಂತ ಆದಾಯ ಹೆಚ್ಚಿತ್ತು. ಉಳಿದ ಕಡೆ ಕೊರತೆಯನ್ನು ಯೂನಿವರ್ಸಿಟಿ ತುಂಬಿಕೊಡುತ್ತದೆ. ಮಧ್ಯಮ ಗಾತ್ರದ ಹಲವು ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಅದನ್ನು ವಿದ್ಯಾರ್ಥಿಗಳ ಫೀಸಿನಿಂದಲೇ ತುಂಬುತ್ತಾರೆ. ಕೆಲವು ಕಡೆ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಸಾವಿರ ಡಾಲರ್ ದಾಟುತ್ತದೆ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ನಂತರ ಯೂನಿವರ್ಸಿಟಿಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಸಂಸ್ಥೆಗೆ 2.05 ಕೋಟಿ ಡಾಲರ್. ಆಟಗಾರರಿಗೆ ಅವರ ದುಡಿಮೆಯ ಪಾಲು ಸಿಗುವುದು ನ್ಯಾಯ, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಫೀಸು ಕಟ್ಟುವ ಪ್ರತಿ ಮನೆಯದ್ದೂ ಹೌದು.

ಅಟ್ಲಾಂಟಾದ ಸ್ಪೆಲ್‌ಮನ್ ಕಾಲೇಜು ಈ ಪ್ರಶ್ನೆಗೆ ಧೈರ್ಯವಾಗಿ ಉತ್ತರ ಕೊಟ್ಟಿತು. ಕಪ್ಪು ವರ್ಣೀಯ ಹೆಣ್ಣುಮಕ್ಕಳ ಕಾಲೇಜು ಅದು. ಸುಮಾರು 2,100 ವಿದ್ಯಾರ್ಥಿನಿಯರಲ್ಲಿ 80 ಜನರಷ್ಟೇ ತಂಡಗಳಲ್ಲಿದ್ದರು, ಅದಕ್ಕೆ ವರ್ಷಕ್ಕೆ ಹತ್ತಿರಹತ್ತಿರ 10 ಲಕ್ಷ ಡಾಲರ್ ಹೋಗುತ್ತಿತ್ತು. 2013ರಲ್ಲಿ ತಂಡಗಳನ್ನು ನಿಲ್ಲಿಸಿ, ಆ ಹಣವನ್ನು ಎಲ್ಲ ವಿದ್ಯಾರ್ಥಿನಿಯರ ವ್ಯಾಯಾಮ, ಆರೋಗ್ಯಕ್ಕೆ ತಿರುಗಿಸಿದರು. ಕಾಲೇಜಿನ ಗೌರವ ಕುಂದಲಿಲ್ಲ.

ಇನ್ನು ನಿಮ್ಮ ಮಗನ ವಿಷಯ. ಕಂಪ್ಯೂಟರ್ ಸೈನ್ಸ್‌ನಲ್ಲಿ ದೇಶದ ಅತ್ಯುತ್ತಮ ಸ್ಥಳಗಳಲ್ಲಿ ಒಂದು ಕಾರ್ನೆಗಿ ಮೆಲನ್. ಅದು ಆಡುವುದು ಡಿವಿಷನ್ 3ರಲ್ಲಿ. ಇನ್ನೊಂದು ಇಲಿನಾಯ್. ಅದು ಬಿಗ್ ಟೆನ್‌ನಲ್ಲಿದೆ, ದೊಡ್ಡ ಸ್ಟೇಡಿಯಂ ಇದೆ. ಆದರೆ ಇಲಿನಾಯ್ ವಿಭಾಗದ ಹೆಸರು ಬಂದದ್ದು 1952ರಲ್ಲಿ ಕಟ್ಟಿದ ಇಲಿಯಾಕ್ ಕಂಪ್ಯೂಟರ್‌ನಂಥ ಕೆಲಸಗಳಿಂದ. ವೆಬ್ಬನ್ನು ಸಾಮಾನ್ಯ ಜನರ ಕೈಗೆ ತಲುಪಿಸಿದ ಮೊಸಾಯಿಕ್ ಬ್ರೌಸರ್ 1993ರಲ್ಲಿ ಹೊರಬಂದದ್ದೂ ಅದೇ ಕ್ಯಾಂಪಸ್ಸಿನಿಂದ. ಅಲ್ಲಿಗೆ ಕಂಪನಿಗಳು ಬರುವುದು ಫುಟ್‌ಬಾಲ್ ನೋಡಲಿಕ್ಕಲ್ಲ. ಹಾಗಾಗಿ ಆಟ ಇದೆ ಎಂದು ಒಂದನ್ನು ಆರಿಸುವುದೂ ತಪ್ಪು, ಆಟ ಇದೆ ಎಂದು ಇನ್ನೊಂದನ್ನು ಕೀಳಾಗಿ ನೋಡುವುದೂ ತಪ್ಪು. ಪ್ರಸಿದ್ಧ ರ್‍ಯಾಂಕಿಂಗುಗಳ ಲೆಕ್ಕದಲ್ಲೂ ಆಟಕ್ಕೆ ಅಂಕ ಇಲ್ಲ.

ನಿಮ್ಮ ಯಜಮಾನರ ಮಾತಿನಲ್ಲಿ ನಿಜ ಇರುವ ಒಂದು ಕಡೆಯನ್ನೂ ಹೇಳಬೇಕು. ದೊಡ್ಡ ತಂಡ ಇರುವ ಯೂನಿವರ್ಸಿಟಿಯ ಹಳೆಯ ವಿದ್ಯಾರ್ಥಿಗಳು ಬಹಳ ಗಟ್ಟಿಯಾಗಿ ಅಂಟಿಕೊಂಡಿರುತ್ತಾರೆ. ಮೂವತ್ತು ವರ್ಷದ ಹಿಂದೆ ಪಾಸಾದವರೂ ಪಂದ್ಯಕ್ಕೆ ವಾಪಸ್ ಬರುತ್ತಾರೆ, ಹೊಸಬರನ್ನು ಮಾತಾಡಿಸುತ್ತಾರೆ. ಅದೇ ರಾಜ್ಯದಲ್ಲಿ ಕೆಲಸ ಹುಡುಕುವಾಗ, ಅದರಲ್ಲೂ ಮಾರಾಟ, ಬ್ಯಾಂಕಿಂಗ್, ರಿಯಲ್ ಎಸ್ಟೇಟ್‌ನಂಥ ಕ್ಷೇತ್ರಗಳಲ್ಲಿ, ಈ ನಂಟು ನೆರವಿಗೆ ಬರುತ್ತದೆ. ಕೋಡ್ ಬರೆಸಿ ನೋಡುವ ಸಂದರ್ಶನದಲ್ಲಿ ಅಷ್ಟಾಗಿ ಬರುವುದಿಲ್ಲ.

ಮಗನಿಗೂ ಒಂದು ಮಾತು ಹೇಳಿಡಿ. ಆರೆಗನ್ ಯೂನಿವರ್ಸಿಟಿಯ ಅರ್ಥಶಾಸ್ತ್ರಜ್ಞರು ತಮ್ಮದೇ ಕ್ಯಾಂಪಸ್ಸಿನ ಅಂಕಗಳನ್ನು ಪರಿಶೀಲಿಸಿದಾಗ, ಫುಟ್‌ಬಾಲ್ ತಂಡ ಚೆನ್ನಾಗಿ ಗೆದ್ದ ವರ್ಷ ಹುಡುಗಿಯರಿಗೆ ಹೋಲಿಸಿದರೆ ಹುಡುಗರ ಗ್ರೇಡ್ ಇಳಿದದ್ದು ಕಂಡಿತು. ಗೆದ್ದಾಗ ಕುಡಿತ, ಪಾರ್ಟಿ ಜಾಸ್ತಿ, ಓದು ಕಡಿಮೆ ಎಂದು ಹುಡುಗರೇ ಒಪ್ಪಿಕೊಂಡಿದ್ದರು. ಪಂದ್ಯ ನೋಡಬೇಡ ಅನ್ನಬೇಡಿ. ಲಕ್ಷ ಜನರ ಜೊತೆ ನಿಂತು ಕೂಗುವ ಖುಷಿ ಆ ವಯಸ್ಸಿನಲ್ಲಿ ಸಿಗಲಿ. ಭಾನುವಾರ ಏನು ಮಾಡಬೇಕು ಎಂದು ಅವನಿಗೆ ಗೊತ್ತಿದ್ದರೆ ಸಾಕು.

ತೀರ್ಮಾನಕ್ಕೆ ಮೊದಲು ಎರಡೂ ಕಡೆ ಇವಿಷ್ಟನ್ನು ಕೇಳಿ ತಿಳಿದುಕೊಳ್ಳಿ. ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೇ ನೇರ ಸೀಟು ಸಿಕ್ಕಿದೆಯಾ, ಅಥವಾ ಒಂದು ವರ್ಷದ ನಂತರ ಮತ್ತೆ ಪೈಪೋಟಿ ಮಾಡಿ ಒಳಗೆ ಹೋಗಬೇಕಾ? ದೊಡ್ಡ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಇದು ಬಹಳ ಮುಖ್ಯ, ಎಷ್ಟೋ ಮನೆಯವರು ಕೇಳುವುದನ್ನೇ ಮರೆಯುತ್ತಾರೆ. ಮೊದಲ ಎರಡು ವರ್ಷದ ತರಗತಿಗಳಲ್ಲಿ ಎಷ್ಟು ಜನ ಕೂರುತ್ತಾರೆ? ಕಳೆದ ವರ್ಷ ಆ ವಿಭಾಗದಿಂದ ಹೊರಬಂದವರು ಎಲ್ಲೆಲ್ಲಿ ಕೆಲಸಕ್ಕೆ ಸೇರಿದರು? ನಾಲ್ಕೂ ವರ್ಷದ ಒಟ್ಟು ಖರ್ಚು ಎಷ್ಟು, ಅದರಲ್ಲಿ ಕ್ರೀಡಾ ಫೀಸು ಎಷ್ಟು? ಚಿಕ್ಕ ಕಾಲೇಜು ಈ ಉತ್ತರಗಳಲ್ಲಿ ಮುಂದಿದ್ದರೆ ನಾನಾದರೆ ಕಣ್ಣು ಮುಚ್ಚಿ ಅಲ್ಲಿಗೇ ಕಳಿಸುತ್ತೇನೆ.

ಮಗಳ ಈಜಿನ ಬಗ್ಗೆ. ಇಲ್ಲಿ ಆಟದ ಪ್ರಭಾವ ನೀವು ಊಹಿಸಿದ್ದಕ್ಕಿಂತ ದೊಡ್ಡದು. ಹಾರ್ವರ್ಡ್ ವಿರುದ್ಧ ನಡೆದ ಅಡ್ಮಿಷನ್ ಮೊಕದ್ದಮೆಯಲ್ಲಿ ಹೊರಬಂದ ದಾಖಲೆಗಳ ಪ್ರಕಾರ, ಕೋಚ್‌ಗಳು ಆರಿಸಿಕೊಂಡ ಕ್ರೀಡಾಪಟುಗಳಲ್ಲಿ ಸುಮಾರು ಶೇ. 86 ಜನರಿಗೆ ಸೀಟು ಸಿಕ್ಕಿತ್ತು. ಉಳಿದವರಿಗೆ ಆ ಅವಕಾಶ ನೂರಕ್ಕೆ ಹತ್ತೂ ಇರಲಿಲ್ಲ. ಸುಮ್ನೆ ಹವ್ಯಾಸಕ್ಕೆ ಈಜುವುದಕ್ಕೂ ಕೋಚ್ ಕಣ್ಣಿಗೆ ಬೀಳುವುದಕ್ಕೂ ಬಹಳ ಅಂತರ ಇದೆ, ಅದನ್ನು ತೀರ್ಮಾನಿಸುವುದು ಅವಳ ಟೈಮಿಂಗ್. ಪ್ರತಿ ಕಾಲೇಜು ತಂಡದ ಟೈಮಿಂಗ್‌ಗಳು ಎಲ್ಲರಿಗೂ ಕಾಣುವಂತೆ ಇರುತ್ತವೆ, ಹೋಲಿಸಿ ನೋಡಿ. ಐವಿ ಲೀಗ್ ಮತ್ತು ಡಿವಿಷನ್ 3 ಕಾಲೇಜುಗಳು ಈಜಿಗೆಂದು ಸ್ಕಾಲರ್‌ಶಿಪ್ ಕೊಡುವುದಿಲ್ಲ. ಅತಿ ಮೇಲಿನ ಮಟ್ಟವಾದ ಡಿವಿಷನ್ 1ರ ಹಲವು ಕಡೆ ಈಗ ತಂಡದ ಗಾತ್ರಕ್ಕೆ ಮಿತಿ ಬಂದಿದೆ, ಜಾಗ ಕಡಿಮೆ. ಡಿವಿಷನ್ 1ರ ಕೋಚ್‌ಗಳು ಅವಳಿಗೆ ಬರೆಯಲು ಹತ್ತನೇ ತರಗತಿ ಮುಗಿದ ಮೇಲೆ ಜೂನ್ 15ರವರೆಗೆ ಕಾಯಬೇಕು. ಅವಳು ಅವರಿಗೆ ಬರೆಯಲು ಯಾವ ಅಡ್ಡಿಯೂ ಇಲ್ಲ, ಈಗಲೇ ಬರೆಯಬಹುದು. ಆ ಇಮೇಲನ್ನು ಅವಳೇ ಬರೆಯಲಿ. ಅಪ್ಪ ಅಮ್ಮ ಬರೆದದ್ದು ಕೋಚ್‌ಗಳಿಗೆ ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ.